ಅಪ್ಪ ಮತ್ತೆ ಮದುವೆಯಾದರೆ ನಮ್ಮ ಪಾಲು ಏನಾಗುತ್ತೆ?

ಸಿವಿಲ್ ಕೇಸು ನಡೆಸುವ ವಕೀಲೆಗೆ ಈ ಪ್ರಶ್ನೆ ಕಚೇರಿಯಲ್ಲಿ ಮಾತ್ರ ಎದುರಾಗುವುದಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಕೇಳುತ್ತಾರೆ. ರಾತ್ರಿ ಹತ್ತರ ಮೇಲೆ ವಾಟ್ಸಾಪ್‌ನಲ್ಲಿ ಕೇಳುತ್ತಾರೆ. "ಮೇಡಂ, ನಮ್ಮ ಫ್ರೆಂಡ್ ಮನೇಲಿ ಹೀಗಾಗಿದೆ" ಅಂತ ಶುರು. ಆ ಫ್ರೆಂಡ್ ಯಾರು ಅನ್ನೋದು ಎರಡನೇ ಮಾತಿಗೇ ಗೊತ್ತಾಗುತ್ತದೆ. ಅಮ್ಮ ಹೋಗಿ ಎರಡು ಮೂರು ವರ್ಷವಾಗಿರುತ್ತದೆ. ಅಪ್ಪನಿಗೆ ಅರವತ್ತೈದೋ ಎಪ್ಪತ್ತೋ. ಈಗ ಮದುವೆಯಾಗ್ತೀನಿ ಅಂತಿದ್ದಾರೆ, ಇಲ್ಲವೇ ಯಾವುದೋ ದೇವಸ್ಥಾನದಲ್ಲಿ ಆಗಿಯೇ ಬಂದಿದ್ದಾರೆ. "ಆಯಮ್ಮಂಗೂ ಪಾಲು ಹೋಗುತ್ತಾ?"

ಹೋಗುತ್ತದೆ. ಮೊದಲ ಹೆಂಡತಿ ತೀರಿಕೊಂಡ ಮೇಲೆ ಅಥವಾ ವಿಚ್ಛೇದನವಾದ ಮೇಲೆ ಆದ ಮದುವೆ ಪಕ್ಕಾ ಮದುವೆಯೇ. ಅಪ್ಪ ವಿಲ್ ಬರೆಯದೆ ಹೋದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅವರ ಸ್ವಂತ ಆಸ್ತಿ ಹೆಂಡತಿಗೆ, ಮಕ್ಕಳಿಗೆ, ಅಜ್ಜಿ ಬದುಕಿದ್ದರೆ ಅಜ್ಜಿಗೆ ಸಮನಾಗಿ ಹಂಚಿಕೆಯಾಗುತ್ತದೆ. ಇಬ್ಬರು ಮಕ್ಕಳು, ಒಬ್ಬ ಹೆಂಡತಿ ಅಂದರೆ ಮೂರು ಪಾಲು. ಆಕೆ ಆ ಮನೆಗೆ ಬಂದು ಇಪ್ಪತ್ತು ವರ್ಷವಾಗಿರಲಿ, ಇಪ್ಪತ್ತು ದಿನವಾಗಿರಲಿ, ಲೆಕ್ಕ ಒಂದೇ.

ತಕ್ಷಣ ಬರುವ ಮಾತು: "ಅದು ಪಿತ್ರಾರ್ಜಿತ ಮೇಡಂ, ಅಪ್ಪ ಮುಟ್ಟೋ ಹಾಗಿಲ್ಲ." ದಾಖಲೆ ತರಿಸಿ ನೋಡಿದರೆ ಅಪ್ಪ ಪಿಎಫ್ ದುಡ್ಡಲ್ಲಿ ಕೊಂಡ ಸೈಟು. ಅದು ಅವರದೇ. ಬೇಕಾದವರಿಗೆ ಕೊಡಬಹುದು, ಮಾರಬಹುದು, ವಿಲ್ ಬರೆಯಬಹುದು. ನಿಜವಾಗಿ ಪಿತ್ರಾರ್ಜಿತವಾದ ಜಮೀನಾದರೆ ಮಕ್ಕಳ ಹಕ್ಕು ಹುಟ್ಟಿನಿಂದಲೇ ಬಂದಿರುತ್ತದೆ. ಅಪ್ಪ ಅದನ್ನು ಇಡಿಯಾಗಿ ಹೊಸ ಹೆಂಡತಿ ಹೆಸರಿಗೆ ಬರೆಯಲು ಆಗದು. ಹೆಣ್ಣುಮಕ್ಕಳಿಗೂ ಇದೇ ಮಾತು. ಕರ್ನಾಟಕ 1994ರಲ್ಲೇ ಅವಿವಾಹಿತ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು. 2005ರಲ್ಲಿ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿ ಆ ಗೊಂದಲವನ್ನೂ ಮುಗಿಸಿತು.

ಕಾನೂನು ಇಷ್ಟೇ. ಆದರೆ ನನ್ನ ಹತ್ತಿರ ಬರುವ ಗಲಾಟೆ ಈ ಲೆಕ್ಕದಿಂದ ಹುಟ್ಟಿದ್ದಲ್ಲ. ಎಲ್ಲರೂ ಹೊಸದಾಗಿ ಬಂದ ಹೆಂಗಸಿನ ಮೇಲೆ ಗುಮಾನಿ ಇಟ್ಟುಕೊಂಡು ಬರುತ್ತಾರೆ. ಕಾಗದ ಬಿಚ್ಚಿದರೆ ಕಾಣುವುದು ಅಣ್ಣ, ತಂಗಿ, ಅಪ್ಪ ಒಬ್ಬರಿಗೊಬ್ಬರು ಹೇಳದೆ ಮಾಡಿಕೊಂಡ ಕೆಲಸಗಳು.

ಒಬ್ಬ ಹೆಣ್ಣುಮಗಳು ಬಂದಿದ್ದರು. ನಲವತ್ತರ ಆಸುಪಾಸು, ಶಾಲೆಯಲ್ಲಿ ಕೆಲಸ. (ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.) ಅಪ್ಪ ನಿವೃತ್ತ ನೌಕರ, ಊರಲ್ಲಿ ಒಬ್ಬರೇ ಇದ್ದವರು, ಒಬ್ಬ ವಿಧವೆಯನ್ನು ಮದುವೆಯಾಗಿದ್ದರು. ಇವರಿಗೆ ವಿಷಯ ಗೊತ್ತಾಗಿದ್ದು ಸೋದರತ್ತೆಯ ಫೋನಿನಿಂದ. "ಮನೆ ಅವಳ ಪಾಲಾಗುತ್ತೆ, ತಡೆಯಾಜ್ಞೆ ತರಬೇಕು" ಅಂದರು. ಮೊದಲು ಇಸಿ ತೆಗೆಸಿ ಅಂದೆ. ಒಂದು ಆಸ್ತಿಯ ಮೇಲೆ ನೋಂದಣಿಯಾದ ಕ್ರಯ, ಅಡಮಾನ, ದಾನ ಎಲ್ಲ ಈ ಋಣಭಾರ ಪ್ರಮಾಣಪತ್ರದಲ್ಲಿ ಸಾಲಾಗಿ ಬರುತ್ತವೆ. ಈಗ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲೇ ಅರ್ಜಿ ಹಾಕಬಹುದು.

ಇಸಿ ಬಂತು. ಮದುವೆಗೆ ಎಷ್ಟೋ ಮೊದಲೇ ಆ ಮನೆ ದಾನಪತ್ರದ ಮೂಲಕ ಅಣ್ಣನ ಹೆಸರಿಗೆ ಹೋಗಿತ್ತು.

ಆಯಮ್ಮ ಯಾರು ಅಂತಲೇ ಆ ಮನೆಯವರಿಗೆ ಗೊತ್ತಿಲ್ಲದ ಕಾಲದಲ್ಲಿ ಆದ ಪತ್ರ ಅದು. ಆಮೇಲೆ ಒಂದೊಂದೇ ಹೊರಗೆ ಬಂತು. ಅಣ್ಣ ಮದುವೆಗೂ ಹೋಗಿದ್ದ, ನೋಂದಣಿಗೆ ಸಾಕ್ಷಿ ಸಹಿಯನ್ನೂ ಹಾಕಿದ್ದ. ಬೆಂಗಳೂರಲ್ಲಿರುವ ಅವನಿಗೆ ಅಪ್ಪನ ಊಟ, ಮಾತ್ರೆ ನೋಡಿಕೊಳ್ಳಲು ಒಬ್ಬರು ಸಿಕ್ಕಿದ್ದು ನೆಮ್ಮದಿ. ತಂಗಿಗೆ ಹೇಳಿದರೆ ಮನೆಯ ವಿಷಯವೂ ಎದ್ದು ಬರುತ್ತದೆ ಅಂತ ಇಬ್ಬರೂ ಬಾಯಿ ಬಿಡಲಿಲ್ಲ. ಇವರು ತಿಂಗಳುಗಟ್ಟಲೆ ಶಾಪ ಹಾಕಿದ್ದು ಮಾತ್ರ ಆ ಹೆಂಗಸಿಗೆ.

ಹೊರಡುವಾಗ ಫೋನು ತೆಗೆದು ಒಂದು ಫೋಟೋ ತೋರಿಸಿದರು. ಯಾರೋ ನೆಂಟರು ಕಳಿಸಿದ್ದು. ಎರಡು ಬೆರಳಲ್ಲಿ ದೊಡ್ಡದು ಮಾಡಿದರು. ಹೊಸ ಹೆಂಡತಿಯ ಕುತ್ತಿಗೆಯಲ್ಲಿ ಅವಲಕ್ಕಿ ಸರ. "ಕೊಂಡಿ ಸಡಿಲ ಅಂತ ಅಮ್ಮ ಕೆಂಪು ದಾರ ಸುತ್ತಿದ್ರು ಮೇಡಂ. ದಾರ ಇನ್ನೂ ಇದೆ ನೋಡಿ." ಮನೆಯ ಬಗ್ಗೆ ಅಷ್ಟು ಹೊತ್ತು ಮಾತಾಡಿದಾಗ ನಡುಗದ ದನಿ ಅಲ್ಲಿ ನಡುಗಿತು.

ಇದಕ್ಕೂ ಕಾನೂನಲ್ಲಿ ಉತ್ತರ ಇದೆ. ಅಮ್ಮನ ಒಡವೆ ಅಮ್ಮನ ಸ್ವತ್ತು. ಆಕೆ ವಿಲ್ ಬರೆಯದೆ ಹೋದರೆ ಅದು ಗಂಡ, ಗಂಡುಮಕ್ಕಳು, ಹೆಣ್ಣುಮಕ್ಕಳು, ಎಲ್ಲರಿಗೂ ಸಮ. ಅಂದರೆ ಆ ಸರದಲ್ಲಿ ಅಪ್ಪನಿಗೆ ಇದ್ದದ್ದು ಮೂರರಲ್ಲಿ ಒಂದು ಪಾಲು. ಉಳಿದ ಎರಡು ಪಾಲನ್ನು ಯಾರಿಗೂ ತೊಡಿಸುವ ಹಕ್ಕು ಅವರಿಗಿಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಅಮ್ಮ ಹೋದಾಗ ಬ್ಯಾಂಕ್ ಲಾಕರ್ ತೆಗೆದು ಪಟ್ಟಿ ಮಾಡುವವರು ಎಷ್ಟು ಜನ? "ಅಪ್ಪನ ಹತ್ರ ಇರಲಿ ಬಿಡು" ಅಂತ ಸುಮ್ನೆ ಇದ್ದುಬಿಡುತ್ತೇವೆ. ನನ್ನ ಅನುಭವದಲ್ಲಿ ಸೈಟಿಗಿಂತ ಬಳೆಗೆ ಜಾಸ್ತಿ ಸಂಬಂಧ ಮುರಿದಿವೆ. ಆ ಸರ ಕೊನೆಗೆ ವಾಪಸ್ ಬಂತು, ಕೋರ್ಟಿಗೆ ಹೋಗದೆ. ಅದು ಹಳೇ ಹೆಂಡತಿಯದು ಅಂತ ಆಕೆಗೆ ಯಾರೂ ಹೇಳಿರಲಿಲ್ಲವಂತೆ. ಗೊತ್ತಾದ ಮೇಲೆ ಆಕೆಯೇ ಬಿಚ್ಚಿ ಕಳಿಸಿದರು.

ಆ ಕಡೆಯ ಲೆಕ್ಕವನ್ನೂ ನೋಡಿ. ಐವತ್ತೈದು ಅರವತ್ತರ ವಿಧವೆ ಮದುವೆಯಾದರೆ ಏನು ಕಳೆದುಕೊಳ್ಳುತ್ತಾರೆ? ಮೊದಲ ಗಂಡನ ಕುಟುಂಬ ಪಿಂಚಣಿ ಬರುತ್ತಿದ್ದರೆ ಮರುಮದುವೆಯಿಂದ ಸಾಮಾನ್ಯವಾಗಿ ಅದು ನಿಲ್ಲುತ್ತದೆ. ಅದಕ್ಕೇ ಕೆಲವರು ದೇವರ ಮುಂದೆ ಹಾರ ಬದಲಿಸಿಕೊಂಡು, ನೋಂದಣಿ ಮಾಡಿಸದೆ ಗುಟ್ಟಾಗಿ ಇದ್ದುಬಿಡುತ್ತಾರೆ. ಇದು ಎರಡು ಕಡೆಯೂ ಕೊಯ್ಯುವ ಉಪಾಯ. ಮದುವೆ ಆಗಿಲ್ಲ ಅಂತ ಪಿಂಚಣಿ ತಗೊಂಡವರು, ಗಂಡ ಸತ್ತ ಮೇಲೆ ಮದುವೆ ಆಗಿತ್ತು ಅಂತ ಪಾಲು ಕೇಳಬೇಕಾಗುತ್ತದೆ. ಜೀವನ ಪ್ರಮಾಣಪತ್ರದ ಜೊತೆ ಮರುಮದುವೆಯಾಗಿಲ್ಲ ಅಂತ ಸಹಿ ಹಾಕಿದ್ದರೆ ಎದುರು ವಕೀಲರು ಅದನ್ನೇ ಹಿಡಿದು ಕೇಳುತ್ತಾರೆ. ನಿವೃತ್ತಿಯಾದ ಮೇಲೆ ಮದುವೆಯಾದ ಹೆಂಡತಿಗೆ ಕುಟುಂಬ ಪಿಂಚಣಿ ಇಲ್ಲ ಅನ್ನುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಆದರೆ ಇಲಾಖೆಗೆ ಮದುವೆಯ ದಾಖಲೆ ಬೇಕಲ್ವಾ?

ಮಕ್ಕಳ ಒಂದು ಭಯ ಮಾತ್ರ ಪೂರ್ತಿ ನಿಜ. "ಆಯಮ್ಮಂಗೆ ಹೋದರೆ ಹೋಗಲಿ, ಆಮೇಲೆ ಅದು ಅವರ ಮಗನಿಗೆ ಹೋಗುತ್ತಾ?" ಹೋಗುತ್ತದೆ. ಗಂಡನಿಂದ ಬಂದ ಆಸ್ತಿ, ಆಕೆಗೆ ಮಕ್ಕಳೇ ಇಲ್ಲದಿದ್ದರೆ, ಗಂಡನ ವಾರಸುದಾರರಿಗೆ, ಅಂದರೆ ನಿಮಗೆ ತಿರುಗಿ ಬರುತ್ತದೆ. ಮೊದಲ ಮದುವೆಯ ಮಗನೋ ಮಗಳೋ ಇದ್ದರೆ ಅವರಿಗೆ ಹೋಗುತ್ತದೆ. ಇದನ್ನು ತಪ್ಪಿಸಲು ಮುಖ್ಯ ದಾರಿ ಅಪ್ಪ ವಿಲ್ ಬರೆಯುವುದು. ಆಕೆ ಬದುಕಿರುವ ತನಕ ಮನೆಯಲ್ಲಿ ಇರಲಿ, ನಂತರ ಮಕ್ಕಳಿಗೆ ಅಂತ ಬರೆಯಬಹುದು. ಅಕ್ಷರ ನೋಡಿಕೊಂಡು ಬರೆಯಬೇಕು. ಜೀವನಾಂಶದ ಹಕ್ಕಿನ ಬದಲಿಗೆ ಕೊಟ್ಟದ್ದು ಅಂತಾದರೆ ಅದು ಆಕೆಯ ಪೂರ್ತಿ ಸ್ವತ್ತಾಗಬಹುದು. 1977ರ ತುಳಸಮ್ಮ ಪ್ರಕರಣದಿಂದ ಇಂದಿನವರೆಗೂ ಈ ವಿಷಯಕ್ಕೆ ಕೋರ್ಟುಗಳಲ್ಲಿ ಗುದ್ದಾಟ ಇದೆ. ಟೈಪಿಂಗ್ ಅಂಗಡಿಯಲ್ಲಿ ಹಳೇ ವಿಲ್ ನೋಡಿ ಹೆಸರು ಬದಲಿಸುವ ಕೆಲಸ ಇದಲ್ಲ.

ಇನ್ನೊಂದು ಬಗೆಯ ಗುಟ್ಟಿದೆ, ಅದು ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು ಹೋದಾಗ ಎದ್ದು ಕೂರುತ್ತದೆ. ಅಪ್ಪ ತೀರಿದ ಮೇಲೆ ನಾಡಕಚೇರಿಗೆ ವಂಶವೃಕ್ಷಕ್ಕೆ ಅರ್ಜಿ ಹಾಕುತ್ತೀರಿ. ಗ್ರಾಮ ಆಡಳಿತಾಧಿಕಾರಿ ವಿಚಾರಣೆಗೆ ಬಂದಾಗ ಅಕ್ಕಪಕ್ಕದವರು "ಇನ್ನೊಬ್ಬ ಮಗ ಇದ್ದಾನಲ್ಲ" ಅನ್ನುತ್ತಾರೆ. ಆಗ ತಿಳಿಯುತ್ತದೆ: ಅಪ್ಪ ಈಚೆಗೆ ಮದುವೆಯಾದದ್ದಲ್ಲ, ಅಮ್ಮ ಇದ್ದಾಗಲೇ ಆ ಮನೆ ಇತ್ತು. ಅಮ್ಮ ಬದುಕಿದ್ದಾಗ ಆದ ಮದುವೆ 1955ರ ಹಿಂದೂ ವಿವಾಹ ಕಾಯ್ದೆಯಡಿ ಅಸಿಂಧು. ಆಕೆ ವಿಧವೆಯಾಗಿ ಪಾಲು ಕೇಳಲಾಗದು. ಆದರೆ ಮಕ್ಕಳ ತಪ್ಪೇನು? ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ತೀರ್ಪಿನಂತೆ, ಅಂಥ ಮಕ್ಕಳಿಗೂ ತಂದೆಯ ಸ್ವಂತ ಆಸ್ತಿಯಲ್ಲಿ ಪಾಲಿದೆ. ಪಿತ್ರಾರ್ಜಿತದಲ್ಲೂ ತಂದೆಯ ಭಾಗಕ್ಕೆ ಬರುವಷ್ಟರಲ್ಲಿ ಪಾಲಿದೆ. ಅವರ ಹೆಸರು ಬಿಟ್ಟು ವಂಶವೃಕ್ಷ ಮಾಡಿಸೋಣ ಅಂತ ನನ್ನನ್ನು ಕೇಳುವವರಿದ್ದಾರೆ. ಸುಳ್ಳು ಅಫಿಡವಿಟ್ ಕ್ರಿಮಿನಲ್ ಕೇಸಾಗುತ್ತದೆ ಅಂದರೆ ಮೆಲ್ಲಗೆ ಎದ್ದು ಹೋಗುತ್ತಾರೆ.

ಅಪ್ಪಂದಿರೂ ಬರುತ್ತಾರೆ. ಅವರ ಪ್ರಶ್ನೆ ಬೇರೆ: "ಮಕ್ಕಳಿಗೆ ಹೇಳಲೇಬೇಕಾ ಅಮ್ಮಾ?" ಕಾನೂನು ಹೇಳು ಅನ್ನುವುದಿಲ್ಲ. ಮಕ್ಕಳ ಒಪ್ಪಿಗೆಯೂ ಬೇಕಿಲ್ಲ. ಒಂಟಿಯಾಗಿ ರಾತ್ರಿ ಅನ್ನ ಬಿಸಿ ಮಾಡಿಕೊಳ್ಳುವ ಮನುಷ್ಯನಿಗೆ ಜೊತೆ ಬೇಕು ಅನಿಸಿದರೆ ಅದು ಅವರ ಹಕ್ಕು. ಆದರೂ ನಾನು ಹೇಳಿ ಅಂತಲೇ ಹೇಳುತ್ತೇನೆ, ಅದೂ ಎಲ್ಲ ಮಕ್ಕಳಿಗೂ ಒಂದೇ ದಿನ. ಒಬ್ಬರಿಗೆ ಹೇಳಿ ಇನ್ನೊಬ್ಬರಿಗೆ ಮುಚ್ಚಿಟ್ಟ ಮನೆಗಳೇ ನನ್ನ ಕಚೇರಿಯ ಕಪಾಟು ತುಂಬಿವೆ.

ಮೊದಲೇ ವಿಲ್ ಬರೆದಿಟ್ಟವರಿಗೆ ಒಂದು ಮಾತು. ಹಿಂದೂಗಳ ವಿಲ್ ಮರುಮದುವೆಯಿಂದ ರದ್ದಾಗುವುದಿಲ್ಲ, ಹಾಗಾಗಿ ಹೊಸ ಹೆಂಡತಿಗೆ ಏನೂ ಸಿಗದೆ ಹೋಗಬಹುದು. ಕ್ರೈಸ್ತರಿಗೆ ತದ್ವಿರುದ್ಧ: 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 69ನೇ ಕಲಮಿನಂತೆ ಮದುವೆಯಾದ ಕೂಡಲೇ ಹಳೇ ವಿಲ್ ಬಿದ್ದುಹೋಗುತ್ತದೆ, ಹೊಸದಾಗಿ ಬರೆಯಬೇಕು. ಮುಸ್ಲಿಂ ಕುಟುಂಬದಲ್ಲಿ ಮಕ್ಕಳಿದ್ದರೆ ಹೆಂಡತಿಗೆ ಎಂಟರಲ್ಲಿ ಒಂದು ಪಾಲು.

ಈ ವಿಷಯಕ್ಕೆ ಯಾವ ವಕೀಲರ ಹತ್ತಿರ ಹೋದರೂ ಆಸ್ತಿಯ ಕ್ರಯಪತ್ರ, ಪಹಣಿ ಅಥವಾ ಖಾತೆ, ಹೊಸದಾಗಿ ತೆಗೆಸಿದ ಇಸಿ, ಅಮ್ಮನ ಮರಣ ಪ್ರಮಾಣಪತ್ರ, ಅಪ್ಪನ ಮದುವೆ ನೋಂದಣಿಯಾಗಿದ್ದರೆ ಅದರ ಪ್ರತಿ ಒಯ್ಯಿರಿ. ಒಡವೆಯ ಪಟ್ಟಿ ಇದ್ದರೆ ಅದನ್ನೂ. ಅಣ್ಣನನ್ನೋ ತಂಗಿಯನ್ನೋ ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೇದು, ಅರ್ಧ ಫೀಸು ಉಳಿಯುತ್ತದೆ.