ಕಾರು ಇಷ್ಟವಾಯಿತು, ಆದರೂ ಪುಟ ಮುಚ್ಚಿದೆ

ಮೂರು ತಿಂಗಳಿಂದ ನನ್ನ ಫೋನಿನಲ್ಲಿ ಒಂದು ಪುಟ ತೆರೆದೇ ಇತ್ತು. ಟೆಸ್ಲಾ ಕಂಪನಿಯ ಎಲೆಕ್ಟ್ರಿಕ್ ಕಾರು ಮಾಡೆಲ್ ವೈ, ಬಿಳಿ ಬಣ್ಣ, ಒಳಗೆ ಕಪ್ಪು ಸೀಟು. ಆರ್ಡರ್ ಬಟನ್ ಒತ್ತುವುದೊಂದೇ ಬಾಕಿ. ದಿನಾ ರಾತ್ರಿ ಮಲಗುವ ಮುಂಚೆ ಅದನ್ನು ನೋಡುವುದು, ಇನ್ನೊಂದು ದಿನ ಯೋಚನೆ ಮಾಡೋಣ ಅಂತ ಫೋನ್ ಪಕ್ಕಕ್ಕಿಡುವುದು. ಮೊನ್ನೆ ಭಾನುವಾರ ಆ ಪುಟ ಮುಚ್ಚಿದೆ. ಯಾಕೆ ಅಂತ ಬರೆದಿಡಬೇಕು ಅನ್ನಿಸಿತು, ಯಾಕಂದ್ರೆ ಇದೇ ಗೊಂದಲದಲ್ಲಿ ಇರುವವರು ನನ್ನ ಪರಿಚಯದಲ್ಲೇ ನಾಲ್ಕೈದು ಜನ ಇದ್ದಾರೆ.

ಮೊದಲೇ ಹೇಳಿಬಿಡುತ್ತೇನೆ, ಪೆಟ್ರೋಲ್ ಬಿಡಬೇಕು ಅನ್ನುವುದರಲ್ಲಿ ನನಗೆ ಗೊಂದಲವೇ ಇಲ್ಲ. ಮುಂದಿನ ಕಾರು ಎಲೆಕ್ಟ್ರಿಕ್ಕೇ. ಪ್ರಶ್ನೆ ಇದ್ದದ್ದು ಯಾರ ಹತ್ತಿರ ತಗೊಳ್ಳಬೇಕು ಅನ್ನುವುದರಲ್ಲಿ ಮಾತ್ರ.

ಕಾರು ಚೆನ್ನಾಗಿದೆ. ಗೆಳೆಯನೊಬ್ಬನ ಹತ್ತಿರ ಇದೆ, ಎರಡು ಸಲ ಓಡಿಸಿದೆ. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಸಾಕು, ಗಾಡಿ ತಾನೇ ನಿಧಾನವಾಗಿ ನಿಲ್ಲುತ್ತದೆ, ನಿಲ್ಲುವಾಗ ಹೋಗುವ ಶಕ್ತಿಯಲ್ಲಿ ಒಂದಷ್ಟು ವಾಪಸ್ ಬ್ಯಾಟರಿಗೆ ಬರುತ್ತದೆ. ಅರ್ಧ ಗಂಟೆಯಲ್ಲಿ ಅದು ಅಭ್ಯಾಸ ಆಗಿಬಿಟ್ಟಿತು, ಆಮೇಲೆ ನನ್ನ ಹಳೇ ಕಾರು ಹತ್ತಿದರೆ ಎತ್ತಿನ ಗಾಡಿ ಹತ್ತಿದ ಹಾಗೆ ಅನ್ನಿಸಿತು. 2023ರಲ್ಲಿ ಇಡೀ ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು ಇದೇ. ಪೆಟ್ರೋಲ್ ಕಾರುಗಳನ್ನೂ ಸೇರಿಸಿ. ಎಲೆಕ್ಟ್ರಿಕ್ ಕಾರೊಂದಕ್ಕೆ ಆ ಜಾಗ ಸಿಕ್ಕಿದ್ದು ಅದೇ ಮೊದಲು. ಚಾರ್ಜಿಂಗ್ ವಿಷಯದಲ್ಲೂ ಅಷ್ಟೇ. 2012ರಲ್ಲಿ ಟೆಸ್ಲಾ ಶುರು ಮಾಡಿದ, ಬೇಗ ಚಾರ್ಜ್ ಮಾಡುವ ಕೇಂದ್ರಗಳ ಸೂಪರ್‌ಚಾರ್ಜರ್ ಜಾಲ ಎಷ್ಟು ಗಟ್ಟಿಯಾಯಿತು ಅಂದ್ರೆ, 2023ರಲ್ಲಿ ಫೋರ್ಡ್ ಕಂಪನಿ, ಅದರ ಹಿಂದೆಯೇ ಜನರಲ್ ಮೋಟರ್ಸ್, ಟೆಸ್ಲಾ ಮಾಡಿದ ಪ್ಲಗ್ ಅನ್ನೇ ತಮ್ಮ ಕಾರಿಗೂ ಹಾಕುತ್ತೇವೆ ಅಂತ ಬಂದರು. ಇದನ್ನು ಸುಮ್ನೆ ತಳ್ಳಿಹಾಕುವುದು ನ್ಯಾಯ ಅಲ್ಲ.

ಇನ್ನು ವಿವಾದ. ಟೆಸ್ಲಾ ಮುಖ್ಯಸ್ಥ ಇಲಾನ್ ಮಸ್ಕ್ ಬಗ್ಗೆ ಎಲ್ಲರಿಗೂ ಗೊತ್ತಿರುವುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. 2022ರಲ್ಲಿ 44 ಬಿಲಿಯನ್ ಡಾಲರ್ ಕೊಟ್ಟು ಟ್ವಿಟರ್ ಕೊಂಡರು. 2024ರ ಅಮೆರಿಕದ ಚುನಾವಣೆಯಲ್ಲಿ ಟ್ರಂಪ್ ಕಡೆಗೆ 250 ಮಿಲಿಯನ್ ಡಾಲರಿಗೂ ಜಾಸ್ತಿ ಸುರಿದರು, ಆಮೇಲೆ ಸರ್ಕಾರದ ನೌಕರರನ್ನು ಕಡಿತ ಮಾಡುವ ಕೆಲಸದಲ್ಲಿ ಕೂತರು. 2025ರಲ್ಲಿ ಶೋರೂಮ್‌ಗಳ ಮುಂದೆ ಜನ ಫಲಕ ಹಿಡಿದು ನಿಂತರು. ಕೆಲವು ಕಡೆ ಕಾರುಗಳಿಗೆ ಬೆಂಕಿ ಹಾಕಿದರು. ಅದು ತಪ್ಪೇ ತಪ್ಪು. ಸಾಲ ಮಾಡಿ ಕಾರು ತಗೊಂಡವರ ಹೊಟ್ಟೆ ಮೇಲೆ ಹೊಡೆದರೆ ಯಾರಿಗೆ ಬುದ್ಧಿ ಬರುತ್ತದೆ?

ಮನೆಯಲ್ಲಿ ಈ ಮಾತು ಬಂದಾಗ ಅಕ್ಕ ನೇರವಾಗಿ ಕೇಳಿದಳು, "ನೀನು ಕಾರು ತಗೋತಿದ್ದೀಯೋ, ಆ ಮನುಷ್ಯನ್ನ ಮನೆ ಅಳಿಯ ಮಾಡ್ಕೋತಿದ್ದೀಯೋ? ಒಳ್ಳೇ ಗಾಡಿ ಇದ್ರೆ ತಗೋ, ಸುಮ್ನೆ ತಲೆ ಕೆಡಿಸ್ಕೋಬೇಡ." ನನ್ನ ಹೆಂಡತಿ ಅದಕ್ಕೆ ಒಪ್ಪಲಿಲ್ಲ. "ದಿನಾ ಬೆಳಿಗ್ಗೆ ಆ ಗುರುತು ನೋಡಿದ್ರೆ ನಂಗೆ ಬೇರೆ ಏನೇನೋ ನೆನಪಾಗತ್ತೆ ಅತ್ತಿಗೆ. ನಮ್ಮ ದುಡ್ಡಲ್ಲಿ ತಗೊಂಡ ವಸ್ತು ನೋಡಿ ಮನಸ್ಸಿಗೆ ಖುಷಿ ಆಗ್ಬೇಕಲ್ವಾ?" ಇಬ್ಬರ ಮಾತೂ ಸರಿ ಅನ್ನಿಸಿತು. ಅದೇ ಕಷ್ಟ.

ಅಕ್ಕನ ವಾದಕ್ಕೆ ಪುಷ್ಟಿ ಕೊಡುವ ಸಂಗತಿಗಳು ಬೇಕಾದಷ್ಟಿವೆ. ಫೋಕ್ಸ್‌ವ್ಯಾಗನ್ ಹುಟ್ಟಿದ್ದೇ 1937ರಲ್ಲಿ, ನಾಜಿ ಆಡಳಿತದ ಕೈಯಲ್ಲಿ. ಅದೇ ಕಂಪನಿ ಡೀಸೆಲ್ ಹೊಗೆಯ ಪರೀಕ್ಷೆಯಲ್ಲಿ ಮೋಸ ಮಾಡಿ 2015ರಲ್ಲಿ ಸಿಕ್ಕಿಬಿತ್ತು, ಸುಮಾರು 1 ಕೋಟಿ 10 ಲಕ್ಷ ಗಾಡಿಗಳಲ್ಲಿ ಆ ಮೋಸದ ಸಾಫ್ಟ್‌ವೇರ್ ಇತ್ತು. ಹೆನ್ರಿ ಫೋರ್ಡ್ 1920ರ ದಶಕದಲ್ಲಿ ತಮ್ಮದೇ ಪತ್ರಿಕೆಯಲ್ಲಿ ಯಹೂದಿಗಳ ವಿರುದ್ಧ ವಿಷ ಕಾರಿದ್ದರು. ಟೆಸ್ಲಾ ಬೇಡ, ಚೀನಾದ ಬಿವೈಡಿ ಕಂಪನಿಯ ಕಾರು ತಗೊಳ್ಳೋಣ ಅಂದರೆ, 2024ರ ಡಿಸೆಂಬರಿನಲ್ಲಿ ಬ್ರೆಜಿಲ್‌ನಲ್ಲಿ ಅವರ ಕಾರ್ಖಾನೆ ಕಟ್ಟುತ್ತಿದ್ದ ಜಾಗದಿಂದ, ಗುತ್ತಿಗೆದಾರನ ಕೈಕೆಳಗೆ ಜೀತದಂಥ ಸ್ಥಿತಿಯಲ್ಲಿದ್ದ 163 ಕಾರ್ಮಿಕರನ್ನು ಅಧಿಕಾರಿಗಳು ಬಿಡಿಸಿದರು. ಬ್ಯಾಟರಿಗೆ ಬೇಕಾದ ಕೋಬಾಲ್ಟ್‌ನ ಬಹುಪಾಲು ಬರುವುದು ಕಾಂಗೋದಿಂದ, ಅಲ್ಲಿನ ಎಷ್ಟೋ ಗಣಿಗಳಲ್ಲಿ ಮಕ್ಕಳು ದುಡಿಯುತ್ತಾರೆ. (ಈಗ ಜಾಸ್ತಿ ಬಳಕೆಗೆ ಬಂದಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಕೋಬಾಲ್ಟ್ ಇಲ್ಲ, ನಿಕಲ್ಲೂ ಇಲ್ಲ. ಯಾವ ಕಂಪನಿಯ ಕಾರೇ ಆಗಲಿ, ಬ್ಯಾಟರಿ ಯಾವುದು ಅಂತ ಕೇಳಿ ತಗೊಳ್ಳಿ.)

ಹೀಗೆ ಲೆಕ್ಕ ಹಾಕುತ್ತಾ ಹೋದರೆ ಎಲ್ಲರ ಕೈಯೂ ಕೊಳಕೇ. ಹಾಗಾಗಿ ಯಾವುದಾದರೇನು ಅಂತ ಒಂದು ವಾರ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಆ ಸಮಾಧಾನ ನಿಲ್ಲಲಿಲ್ಲ. ಎಲ್ಲರೂ ಅಷ್ಟೇ ಅಂದುಬಿಟ್ಟರೆ ಆಮೇಲೆ ಯಾವುದನ್ನು ಬೇಕಾದರೂ ಒಪ್ಪಿಕೊಳ್ಳಬಹುದು. ಅದೂ ಅಲ್ಲದೆ, ಸತ್ತುಹೋದ ಮಾಲೀಕನ ಪಾಪಕ್ಕೂ ಇವತ್ತು ನಡೆಯುತ್ತಿರುವುದಕ್ಕೂ ವ್ಯತ್ಯಾಸ ಇದೆ. ಮಾಲೀಕರ ಭಾಷಣಗಳಿಗಿಂತ ನನ್ನನ್ನು ಜಾಸ್ತಿ ಕಾಡಿದ್ದು ಸ್ವೀಡನ್ನಿನ ಟೆಸ್ಲಾ ಮೆಕ್ಯಾನಿಕ್‌ಗಳು. 2023ರ ಅಕ್ಟೋಬರಿನಲ್ಲಿ ಅವರು ಮುಷ್ಕರಕ್ಕೆ ಕೂತರು. ಕೇಳಿದ್ದು ಒಂದೇ, ಕಾರ್ಮಿಕ ಸಂಘದ ಜೊತೆ ಒಪ್ಪಂದಕ್ಕೆ ಸಹಿ ಹಾಕಿ ಅಂತ. ಆ ದೇಶದಲ್ಲಿ ಬಹುಪಾಲು ಕಂಪನಿಗಳು ಮಾಡುವ ಕೆಲಸವೇ ಅದು. ಎರಡು ವರ್ಷ ದಾಟಿದರೂ ಸಹಿ ಬೀಳಲಿಲ್ಲ. ನಾಳೆ ನನ್ನ ಗಾಡಿಯ ಬೋಲ್ಟ್ ಬಿಗಿ ಮಾಡುವವರು ಇಂಥವರೇ ಅಲ್ವಾ?

ಇಷ್ಟಾದರೂ ನಿಜ ಹೇಳಬೇಕು ಅಂದ್ರೆ ಪುಟ ಮುಚ್ಚುವಂತೆ ಮಾಡಿದ್ದು ಇದ್ಯಾವುದೂ ಅಲ್ಲ.

ನನ್ನ ಹಳೇ ಕಾರು ತಗೊಂಡು ಹನ್ನೊಂದು ವರ್ಷ. ದುಡ್ಡು ಕೊಟ್ಟೆ, ಕೀ ಇಸ್ಕೊಂಡೆ, ಅಲ್ಲಿಗೆ ಕಂಪನಿಗೂ ನನಗೂ ಇದ್ದ ಸಂಬಂಧ ಹೆಚ್ಚುಕಡಿಮೆ ಮುಗಿಯಿತು. ಕಂಪನಿ ನಾಳೆ ಬಾಗಿಲು ಹಾಕಿದರೂ ಗಾಡಿ ಓಡುತ್ತದೆ, ಬಲ್ಲ ಮೆಕ್ಯಾನಿಕ್ ಯಾರೇ ಆದರೂ ರಿಪೇರಿ ಮಾಡುತ್ತಾರೆ. ಈಗಿನ ಎಲೆಕ್ಟ್ರಿಕ್ ಕಾರು, ಅದರಲ್ಲೂ ಟೆಸ್ಲಾ, ಹಾಗಲ್ಲ. ಕಾರು ನನ್ನ ಮನೆ ಮುಂದೆ ನಿಂತಿರುತ್ತದೆ, ಲಗಾಮು ಮಾತ್ರ ಅವರ ಕೈಯಲ್ಲೂ ಇರುತ್ತದೆ. ರಾತ್ರಿ ಮಲಗಿ ಬೆಳಿಗ್ಗೆ ಎದ್ದರೆ ಹೊಸ ಸಾಫ್ಟ್‌ವೇರ್ ಬಂದು ಸ್ಕ್ರೀನ್ ಬೇರೆ ಥರ ಇರಬಹುದು. ಅದರಲ್ಲಿ ಒಳ್ಳೆಯದೂ ಇದೆ. 2023ರ ಡಿಸೆಂಬರಿನಲ್ಲಿ ಚಾಲಕನಿಗೆ ನೆರವಾಗುವ ಆಟೋಪೈಲಟ್ ವ್ಯವಸ್ಥೆಯ ತೊಂದರೆಗೆ ಅಮೆರಿಕದಲ್ಲಿ 20 ಲಕ್ಷ ಕಾರುಗಳಿಗೆ ರೀಕಾಲ್ (ದೋಷ ಸರಿಪಡಿಸುವ ಆದೇಶ) ಆಯಿತು, ಯಾರೂ ಸರ್ವಿಸ್ ಸೆಂಟರಿಗೆ ಹೋಗಬೇಕಾಗಲಿಲ್ಲ, ಸರಿಪಡಿಸುವ ಸಾಫ್ಟ್‌ವೇರ್ ಇಂಟರ್ನೆಟ್ ಮೂಲಕವೇ ಬಂತು. ಆದರೆ ಕೊಡುವ ಕೈಗೆ ತೆಗೆಯುವುದಕ್ಕೂ ಬರುತ್ತದೆ. ಹಾಗಾದರೆ ಆ ಕೈ ಎಂಥದ್ದು ಅಂತ ನೋಡಬೇಕಲ್ಲ? ಮಾಲೀಕರ ರಾಜಕೀಯ ಬದಿಗಿಟ್ಟು, ಕೊಟ್ಟ ಮಾತನ್ನು ಉಳಿಸಿಕೊಂಡಿದ್ದಾರಾ ಅಂತ ಹುಡುಕಲು ಕೂತೆ.

2016ರ ಅಕ್ಟೋಬರಿನಲ್ಲಿ ಟೆಸ್ಲಾ ಹೇಳಿತು, ಇನ್ನು ಮುಂದೆ ನಾವು ಮಾಡುವ ಪ್ರತಿ ಕಾರಿನಲ್ಲೂ ತಾನೇ ಪೂರ್ತಿ ಓಡಿಸಿಕೊಳ್ಳಲು ಬೇಕಾದ ಹಾರ್ಡ್‌ವೇರ್ ಇರುತ್ತದೆ ಅಂತ. ಜನ ನಂಬಿದರು, "ಫುಲ್ ಸೆಲ್ಫ್ ಡ್ರೈವಿಂಗ್" ಅನ್ನುವ ಈ ಸೌಲಭ್ಯಕ್ಕೆ ಸಾವಿರಾರು ಡಾಲರ್ ಮುಂಗಡ ಕಟ್ಟಿದರು. 2024ರಲ್ಲಿ ಆ ಸೌಲಭ್ಯದ ಹೆಸರಿಗೇ "ಸೂಪರ್‌ವೈಸ್ಡ್" ಅಂತ ಸೇರಿಸಿದರು, ಅಂದ್ರೆ ಚಾಲಕ ಕಣ್ಣಿಟ್ಟಿರಲೇಬೇಕು. 2025ರ ಜನವರಿಯಲ್ಲಿ, ಈ ಸೌಲಭ್ಯಕ್ಕೆ ದುಡ್ಡು ಕಟ್ಟಿದವರ ಹಳೇ ಕಾರುಗಳ ಕಂಪ್ಯೂಟರ್ ಬದಲಾಯಿಸಬೇಕಾಗುತ್ತದೆ ಅಂತ ಮಸ್ಕ್ ಅವರೇ ಒಪ್ಪಿಕೊಂಡರು. ಎಂಟು ವರ್ಷ ಕಳೆದಿತ್ತು. ಅಷ್ಟರಲ್ಲಿ ಕೆಲವರು ಆ ಕಾರನ್ನು ಮಾರಿಯೂ ಆಗಿತ್ತು.

2021ರಲ್ಲಿ ಹೊಸ ಕಾರುಗಳಿಂದ, ಮುಂದಿನ ಗಾಡಿಯ ದೂರ ಅಳೆಯುವ ರೇಡಾರ್ ತೆಗೆಯಲು ಶುರು ಮಾಡಿದರು. 2022ರಲ್ಲಿ ಪಾರ್ಕಿಂಗಿಗೆ ನೆರವಾಗುವ ಸೆನ್ಸರ್‌ಗಳನ್ನು ತೆಗೆದರು, ಅದರ ಬದಲಿಗೆ ಬರಬೇಕಾದ ಸಾಫ್ಟ್‌ವೇರ್ ಇನ್ನೂ ತಯಾರಾಗಿರಲಿಲ್ಲ. ಆ ತಿಂಗಳುಗಳಲ್ಲಿ ಕಾರು ತಗೊಂಡವರಿಗೆ ಪಾರ್ಕಿಂಗ್ ಬೀಪ್ ಕೂಡ ಇಲ್ಲ. ಇನ್ನು ಕ್ಯಾಮೆರಾ ವಿಷಯ. 2019ರಿಂದ 2022ರ ನಡುವೆ ಗ್ರಾಹಕರ ಕಾರಿನ ಕ್ಯಾಮೆರಾ ಹಿಡಿದ ಖಾಸಗಿ ವಿಡಿಯೋಗಳನ್ನು ನೌಕರರು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತಿದ್ದರು ಅಂತ 2023ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ವರದಿ ಮಾಡಿತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮನೆ ಬಾಗಿಲಿಗೆ ಮುಖ ಮಾಡಿ ನಿಲ್ಲುವ ಗಾಡಿ ಅದು.

ಕೊನೆಗೆ ಬಾಗಿಲು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮಾಡೆಲ್ ವೈ ಬಾಗಿಲು ತೆರೆಯುವುದು ಕರೆಂಟಿನಿಂದ. ಅದೂ ಗಾಡಿ ಓಡಿಸುವ ದೊಡ್ಡ ಬ್ಯಾಟರಿ ಅಲ್ಲ, ಇನ್ನೊಂದು ಚಿಕ್ಕ ಬ್ಯಾಟರಿ. ಅದು ಸತ್ತರೆ ಒಳಗಿನ ಬಟನ್ ಕೆಲಸ ಮಾಡುವುದಿಲ್ಲ. ಮುಂದಿನ ಸೀಟಿನವರಿಗೆ ಕಿಟಕಿ ಬಟನ್ನಿನ ಹತ್ತಿರವೇ ಕೈಯಿಂದ ಎಳೆಯುವ ಹಿಡಿ ಇದೆ, ಸುಲಭ. ಹಿಂದಿನ ಸೀಟಿನವರಿಗೆ? ಕೈಪಿಡಿಯಲ್ಲಿ ಹೀಗಿದೆ: ಬಾಗಿಲಿನ ಕೆಳಗಿನ ಜೇಬಿನ ತಳದಲ್ಲಿರುವ ಮ್ಯಾಟ್ ತೆಗೆಯಿರಿ, ಕೆಂಪು ತುಂಡನ್ನು ಒತ್ತಿ ಮುಚ್ಚಳ ಬಿಚ್ಚಿ, ಒಳಗಿನ ಕೇಬಲನ್ನು ಮುಂದಕ್ಕೆ ಎಳೆಯಿರಿ. ಕೆಲವು ಕಾರುಗಳಲ್ಲಿ ಹಿಂದಿನ ಬಾಗಿಲಿಗೆ ಇದೂ ಇರುವುದಿಲ್ಲ ಅಂತ ಅದೇ ಕೈಪಿಡಿ ಹೇಳುತ್ತದೆ. ಗೆಳೆಯನ ಕಾರು ನಿಲ್ಲಿಸಿದ್ದಾಗ ನನ್ನ ಮಗಳನ್ನು ಹಿಂದೆ ಕೂರಿಸಿ ಹುಡುಕು ಅಂದೆ. ಒಂಬತ್ತು ವರ್ಷದವಳು. ಜೇಬಿಗೆ ಕೈ ಹಾಕಿದಳು, ಮ್ಯಾಟ್ ಸಿಕ್ಕಿತು, ಮುಚ್ಚಳದ ತನಕ ಬಂದಳು, ಉಗುರು ಸಿಕ್ಕಿಸಿ ಎಳೆದಳು, ಬರಲಿಲ್ಲ. "ಅಪ್ಪಾ, ಇದು ತೆಗೆಯೋದಕ್ಕೆ ಇರೋದಾ, ಮುಚ್ಚೋದಕ್ಕೆ ಇರೋದಾ?" ಅಂದಳು. ಹಗಲು ಹೊತ್ತು, ಹೊಗೆ ಇಲ್ಲ, ಭಯ ಇಲ್ಲ, ನಾನು ಪಕ್ಕದಲ್ಲೇ ಕೂತು ಹೇಳಿಕೊಡುತ್ತಿದ್ದೇನೆ. ಆದರೂ ಹೀಗೆ.

2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2021ರ ಮಾಡೆಲ್ ವೈ ಕಾರುಗಳ ಬಾಗಿಲ ಹೊರಗಿನ ಹಿಡಿಗಳ ಬಗ್ಗೆ ತನಿಖೆ ಶುರು ಮಾಡಿತು, ಸುಮಾರು 1,74,000 ಕಾರುಗಳು. ದೂರುಗಳಲ್ಲಿ ಏನಿತ್ತು ಗೊತ್ತಾ? ಮಕ್ಕಳು ಹಿಂದಿನ ಸೀಟಿನಲ್ಲಿ, ತಂದೆತಾಯಿ ಹೊರಗೆ, ಹಿಡಿ ಕೆಲಸ ಮಾಡುತ್ತಿಲ್ಲ. ಕೆಲವರು ಕಿಟಕಿ ಗಾಜು ಒಡೆದಿದ್ದಾರೆ. ಇಷ್ಟು ಜಾಣ ಎಂಜಿನಿಯರ್‌ಗಳು ಇರುವ ಕಂಪನಿ. ಕೈಗೆ ಸಿಗುವ ಜಾಗದಲ್ಲಿ ಒಂದು ಹಿಡಿ ಇಡುವುದು ಅವರಿಗೆ ಕಷ್ಟದ ಕೆಲಸ ಅಲ್ಲವೇ ಅಲ್ಲ. ಇಡದೇ ಇದ್ದದ್ದು ಬೇರೆ ಯಾವುದೋ ಮುಖ್ಯ ಅನ್ನಿಸಿದ್ದರಿಂದ. ನನಗೆ ಅಲ್ಲಿಗೆ ತೀರ್ಮಾನ ಆಯಿತು. ಹತ್ತು ವರ್ಷ ಲಗಾಮು ಹಂಚಿಕೊಳ್ಳಬೇಕಾದ ಕೈ ಇದಲ್ಲ.

ಸೆಕೆಂಡ್ ಹ್ಯಾಂಡ್ ತಗೊಂಡರೆ ಕಂಪನಿಗೆ ದುಡ್ಡು ಹೋಗುವುದಿಲ್ಲವಲ್ಲ ಅಂತ ಗೆಳೆಯ ಕೇಳಿದ. ಕಾರಿನ ದುಡ್ಡು ಹೋಗುವುದಿಲ್ಲ ನಿಜ. ಆದರೆ ಆ್ಯಪ್ ಅವರದು, ಬಿಡಿಭಾಗ ಅವರದು, ಅಪ್‌ಡೇಟ್ ಅವರದು. ನನ್ನ ತಕರಾರು ದುಡ್ಡಿನದಲ್ಲ. ಈಗಾಗಲೇ ಟೆಸ್ಲಾ ಇರುವವರ ಬಗ್ಗೆ ನನಗೆ ಒಂದು ಕೆಟ್ಟ ಮಾತೂ ಇಲ್ಲ, ಗೆಳೆಯ ಐದು ವರ್ಷದ ಹಿಂದೆ ತಗೊಂಡಾಗ ಅದಕ್ಕೆ ಸರಿಸಾಟಿ ಕಾರು ಇರಲೂ ಇಲ್ಲ. ಅವನ ಮಕ್ಕಳಿಗೆ ಆ ಕೇಬಲ್ ಎಲ್ಲಿದೆ ಅಂತ ತೋರಿಸಿಕೊಡು ಅಂತ ಮಾತ್ರ ಹೇಳಿದೆ. ಅವನಿಗೂ ಗೊತ್ತಿರಲಿಲ್ಲ. ಅವತ್ತೇ ತೋರಿಸಿದ.

ಬೇರೆ ಕಂಪನಿಗಳು ಸಾಚಾ ಅಂತ ನಾನು ಹೇಳುತ್ತಿಲ್ಲ. ಈಗ ನೋಡುತ್ತಿರುವ ಪ್ರತಿ ಕಾರಿಗೂ ಇವೇ ಪ್ರಶ್ನೆ. ಕರೆಂಟ್ ಹೋದರೆ ನಾಲ್ಕೂ ಬಾಗಿಲು ಕೈಯಿಂದ ತೆರೆಯುತ್ತವಾ? ಇಂಟರ್ನೆಟ್ ಇಲ್ಲದಿದ್ದರೆ ಯಾವುದು ನಿಲ್ಲುತ್ತದೆ? ಕ್ಯಾಮೆರಾ ವಿಡಿಯೋ ಎಲ್ಲಿಗೆ ಹೋಗುತ್ತದೆ, ಬೇಡ ಅಂದರೆ ನಿಲ್ಲಿಸಬಹುದಾ? ಬ್ಯಾಟರಿಗೆ ಎಂಟು ವರ್ಷ, 70% ಸಾಮರ್ಥ್ಯದ ವಾರಂಟಿ ಈಗ ಬಹುತೇಕ ಎಲ್ಲರೂ ಕೊಡುತ್ತಾರೆ, ಆದರೆ ಕಿಲೋಮೀಟರ್ ಮಿತಿ ಎಷ್ಟು, ಸಾಮರ್ಥ್ಯ ಅಳೆಯುವವರು ಯಾರು ಅನ್ನುವುದನ್ನು ಕಾಗದದಲ್ಲಿ ತೋರಿಸಿ ಅಂತ ಕೇಳುತ್ತಿದ್ದೇನೆ. ಒಂದು ಕಡೆ ಸೇಲ್ಸ್‌ನವರು ಉತ್ತರ ಗೊತ್ತಿಲ್ಲ ಸರ್, ತಿಳ್ಕೊಂಡು ಹೇಳ್ತೀನಿ ಅಂದರು, ಮಾರನೇ ದಿನ ಫೋನ್ ಮಾಡಿ ಹೇಳಿಯೂ ಹೇಳಿದರು. ಅಷ್ಟಕ್ಕೇ ಅವರ ಮೇಲೆ ಗೌರವ ಬಂತು.

ಶನಿವಾರ ಅಲ್ಲೇ ಟೆಸ್ಟ್ ಡ್ರೈವ್ ಇದೆ. ಹೆಂಡತಿ ಓಡಿಸುತ್ತಾಳೆ, ಮಗಳು ಹಿಂದೆ ಕೂರುತ್ತಾಳೆ. ಬಾಗಿಲು ನಾನೇ ನೋಡ್ತೀನಿ, ನೀನು ಹೇಳಿಕೊಡಬೇಡ ಅಂದಿದ್ದಾಳೆ.