ಎಷ್ಟು ಮೆಟ್ಟಿಲು ಅಂತ ಕೇಳಿದ್ದೆ, ಎಷ್ಟೆತ್ತರ ಅಂತ ಕೇಳಲಿಲ್ಲ

ಮಂಡಿ ಬದಲಿ ಆಪರೇಷನ್ ಆದವರು ಡಿಸ್ಚಾರ್ಜ್ ಆಗುವ ಮುಂಚೆ ನಾವು ಫಿಸಿಯೋಗಳು ಒಂದು ಫಾರ್ಮ್ ತುಂಬುತ್ತೇವೆ. ಮನೆಯ ಬಗ್ಗೆ ಅದರಲ್ಲಿ ಮೂರೇ ಸಾಲು. ಟಾಯ್ಲೆಟ್: ವೆಸ್ಟರ್ನ್/ಇಂಡಿಯನ್. ಮಲಗುವ ಕೋಣೆ: ಕೆಳಗೆ/ಮಹಡಿ. ಮೆಟ್ಟಿಲು: ಇದೆ/ಇಲ್ಲ. ಲಿಫ್ಟ್ ಇರುವ ಅಪಾರ್ಟ್‌ಮೆಂಟಿನಲ್ಲಿ ಕೂತು ಯಾರೋ ಬರೆದ ಫಾರ್ಮ್ ಅದು. ಕೊಡಗಿನ ನಾಪೋಕ್ಲು ಕಡೆಯ ಒಂದು ಮನೆಗೆ ಫೋನ್ ಮಾಡಿ, ‘ಇದೆ’ ಅಂತ ಟಿಕ್ ಹಾಕಿ, ಪಕ್ಕದಲ್ಲಿ ‘7’ ಅಂತ ಬರೆದವನು ಮಾತ್ರ ನಾನೇ.

ಆ ಮನೆಯ ಅಮ್ಮನಿಗೆ 68. ಬಲ ಮಂಡಿಗೆ ಟಿಕೆಆರ್, ಅಂದರೆ ಪೂರ್ತಿ ಮಂಡಿ ಬದಲಿ, ಮೈಸೂರಿನಲ್ಲಿ. ಕಾಫಿ ಕೊಯ್ಲು, ಒಣಗಿಸುವುದು, ಮೆಣಸು ಎಲ್ಲ ಮುಗಿಯಲಿ ಅಂತ ಮೇ ಕೊನೆಯವರೆಗೆ ತಳ್ಳಿದ್ದರು. ಐದನೇ ದಿನ ಡಿಸ್ಚಾರ್ಜ್. ಪೇಪರ್ ಮೇಲೆ ಎಲ್ಲ ಚೆಂದ: ಮಂಡಿ 75 ಡಿಗ್ರಿ ಮಡಚುತ್ತದೆ, ಎಸ್‌ಎಲ್‌ಆರ್ (ಮಲಗಿ ಕಾಲು ನೆಟ್ಟಗೆ ಎತ್ತುವುದು) ಬರುತ್ತದೆ, ಲ್ಯಾಗ್ (ಎತ್ತುವಾಗ ಮಂಡಿ ಬಾಗುವುದು) ಇಲ್ಲ, ವಾಕರ್‌ನಲ್ಲಿ ಕಾರಿಡಾರ್ ಎರಡು ಸುತ್ತು, ‘ಸ್ಟೇರ್ಸ್ ಡನ್’. ಈ ‘ಡನ್’ ಆಗಿದ್ದು ಫಿಸಿಯೋ ರೂಮಿನ ಮರದ ಮೆಟ್ಟಿಲಿನ ಮೇಲೆ. ನಾಲ್ಕೇ ಮೆಟ್ಟಿಲು, ಒಂದೊಂದೂ 6 ಇಂಚು, ಎರಡೂ ಕಡೆ ಹಿಡಿಕೆ, ಕೆಳಗೆ ರಬ್ಬರ್ ಮ್ಯಾಟ್.

ಮನೆಯ ಮುಂದಿನದು ಹಳೇ ಕಾಲದ ಕಲ್ಲು ಮೆಟ್ಟಿಲು. ಆಮೇಲೆ ಟೇಪ್ ಹಿಡಿದು ನೋಡಿದಾಗ ಕೆಳಗಿನದು 9 ಇಂಚು, ನಾಲ್ಕನೆಯದು ಹತ್ತೂವರೆ. ಕಾಲಿಡುವ ಜಾಗವೂ 9 ಇಂಚೇ, ವಾಕರ್‌ನ ನಾಲ್ಕು ಕಾಲು ಅದರ ಮೇಲೆ ಕೂರುವ ಮಾತೇ ಇಲ್ಲ. ಹಿಡಿಯಲು ಕಂಬಿ ಇಲ್ಲ. ಅಂಚಿಗೆ ಪಾಚಿ.

ಮೂರು ಹತ್ತಿದರು. ಸೊಂಟಕ್ಕೆ ಸುತ್ತಿದ ಟವೆಲ್ ಹಿಡಿದು ಹಿಂದೆ ನಾನು, ಎಡಕ್ಕೆ ತೋಳು ಕೊಟ್ಟು ಮಗ. ಎಲ್ಲರಿಗೂ ಬಾಯಿಪಾಠ ಮಾಡಿಸುವ ಸೂತ್ರವೇ: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು. ನಾಲ್ಕನೆಯದಕ್ಕೆ ಎಡಗಾಲು ಇಟ್ಟರು, ಮೈ ಎತ್ತಲು ನೋಡಿದರು, ಆಗಲಿಲ್ಲ. ಇನ್ನೊಮ್ಮೆ ನೋಡಿದರು. ಸೀರೆ ನೆರಿಗೆ ಅದುರುವುದು ಹಿಂದಿನಿಂದ ನನಗೆ ಕಾಣುತ್ತಿತ್ತು. ಅಷ್ಟರಲ್ಲಿ ಹನಿ ಶುರು.

"ಎಂತ ಮಾಡೋದು ಡಾಕ್ಟ್ರೇ, ಇದು ಏಳ್ತಿಲ್ಲ" ಅಂದರು.

"ಹೆದರ್ಬೇಡಿ ಅಮ್ಮ, ಬಲಗಾಲಿಗೆ ಭಾರ ಕೊಡಿ, ಎಂತದೂ ಆಗಲ್ಲ" ಅಂದೆ. ಅವರು ಹೇಳುತ್ತಿದ್ದದ್ದು ಎಡಗಾಲಿನ ವಿಷಯ. ನನ್ನ ಕಣ್ಣು ಬ್ಯಾಂಡೇಜ್ ಇದ್ದ ಕಾಲಿನಿಂದ ಆಚೀಚೆ ಹೋಗಿರಲಿಲ್ಲ. ಮೂರನೇ ಸಲ ಅವರು ಪ್ರಯತ್ನಪಟ್ಟು ಇಡೀ ಭಾರ ಮಗನ ತೋಳಿಗೆ ಜೋತಾಗಲಷ್ಟೇ ಹೊಳೆದದ್ದು, ‘ಒಳ್ಳೆ ಕಾಲು’ ಒಳ್ಳೆಯದೇ ಅಲ್ಲ. ಎಕ್ಸ್‌ರೇಯಲ್ಲಿ ಎರಡೂ ಮಂಡಿ ಗ್ರೇಡ್ 4, ಸವೆತದ ಕೊನೆಯ ಹಂತ. ಜಾಸ್ತಿ ನೋಯುತ್ತಿದ್ದದ್ದನ್ನು ಮೊದಲು ಮಾಡಿದ್ದರು ಅಷ್ಟೆ. ಮೆಟ್ಟಿಲು ಎತ್ತರವಾದಷ್ಟೂ ಮಂಡಿ ಹೆಚ್ಚು ಮಡಚಿರುವಾಗಲೇ ಮೈ ಎತ್ತಬೇಕಾಗುತ್ತದೆ. ಆರು ಇಂಚಿಗೆ ಸಾಲುತ್ತಿದ್ದ ತೊಡೆ ಹತ್ತೂವರೆಗೆ ಸಾಲಲಿಲ್ಲ. ಆ ಎಕ್ಸ್‌ರೇ ನಾನು ನೋಡಿದ್ದೆ, ಅದೇ ಈಗಲೂ ಚುಚ್ಚುವುದು.

ಮೇಲಕ್ಕೆ ಇನ್ನೂ ನಾಲ್ಕು, ಕೆಳಕ್ಕೆ ಮೂರು. ಇಳಿಸುವುದೆಂದಾಯಿತು. ಎಡಗಾಲನ್ನು ವಾಪಸ್ ತರಿಸಿ ಎರಡೂ ಪಾದ ಒಂದೇ ಮೆಟ್ಟಿಲ ಮೇಲೆ ಬಂದ ಮೇಲೆ ಸ್ವಲ್ಪ ಸುಧಾರಿಸಿಕೊಳ್ಳಲು ಬಿಟ್ಟೆ. ಅಷ್ಟು ಕಿರಿದಾದ ಕಲ್ಲಿನ ಮೇಲೆ ತಿರುಗಿಸಲು ಹೋದರೆ ತಿರುಗುವಾಗಲೇ ಬೀಳುತ್ತಾರೆ. ಹಾಗಾಗಿ ಮುಖ ಮನೆಯ ಕಡೆಗೇ ಇಟ್ಟು ಹಿಮ್ಮುಖವಾಗಿ ಇಳಿಸಿದೆವು. ಬಲಗಾಲು ಹಿಂದಕ್ಕೆ ಕೆಳಗೆ, ಆಮೇಲೆ ಎಡಗಾಲು. ಮಗ ಮೇಲಿನಿಂದ ಎರಡೂ ಮುಂಗೈ ಹಿಡಿದ, ಡ್ರೈವರ್ ಪಕ್ಕದಲ್ಲಿ, ನಾನು ಕೆಳಗಿನಿಂದ ಸೊಂಟಕ್ಕೆ. ಮೂರು ಮೆಟ್ಟಿಲಿಗೆ ಹತ್ತು ನಿಮಿಷ. ಕೊಡೆ ಹಿಡಿದು ನಿಂತಿದ್ದ ತೋಟದ ಹುಡುಗ ಆಮೇಲೆ ಮೆಲ್ಲಗೆ ಕೇಳಿದ, "ಕಣದ ಕಡೆಯಿಂದ ಅಡುಗೆಮನೆ ಬಾಗಿಲ ತನಕ ಜೀಪೇ ಹೋಗ್ತದಲ್ಲ ಸಾರ್?"

ಹೋಗುತ್ತದೆ. ಅಲ್ಲಿರುವುದು ಒಂದೇ ಹೊಸ್ತಿಲು. ಆಸ್ಪತ್ರೆಯಿಂದ ಬರುವ ಅಮ್ಮನನ್ನು ಹಿಂಬಾಗಿಲಿನಿಂದ ಕರೆತರುವುದು ಮನೆಯವರ ತಲೆಗೇ ಬಂದಿರಲಿಲ್ಲ. ನನ್ನ ಫಾರ್ಮಿನಲ್ಲಂತೂ ಹಿಂಬಾಗಿಲು ಎಂಬುದೇ ಇಲ್ಲ.

ಈಗ ಕೇಳುವ ಪ್ರಶ್ನೆಗಳೇ ಬೇರೆ. ಇಂಚು ಕೇಳಿದರೆ ಎಲ್ಲರೂ ಬಾಯಿಗೆ ಬಂದದ್ದು ಹೇಳುತ್ತಾರೆ, ಗೇಣು ಹಾಕಿ ನೋಡಿ ಅಂದರೆ ನಿಜ ಸಿಗುತ್ತದೆ. ಗೇಣು ಮುಟ್ಟುವ ಮೆಟ್ಟಿಲಿದ್ದರೆ ಬೇರೆ ಬಾಗಿಲು ಎಲ್ಲಿದೆ ಅಂತ ಮೊದಲು ಕೇಳುತ್ತೇನೆ. ಒಂಟಿ ಮೆಟ್ಟಿಲು ಅಥವಾ ಎತ್ತರದ ಹೊಸ್ತಿಲಾದರೆ 4 ಇಂಚಿನ ಸಾಲಿಡ್ ಬ್ಲಾಕ್‌ಗಳನ್ನು ಅಡ್ಡ ಮಲಗಿಸಿ ಜೋಡಿಸಿದರೆ ಅರ್ಧ ಮೆಟ್ಟಿಲಾಯಿತು. ಎರಡೂ ಪಾದ ಆರಾಮಾಗಿ ನಿಲ್ಲಬೇಕು, ಒಂದಿಷ್ಟೂ ಅಲ್ಲಾಡಬಾರದು. ಸಾಲು ಮೆಟ್ಟಿಲಿಗೆ ಈ ಉಪಾಯ ನಡೆಯದು, ಕಾಲಿಡುವ ಜಾಗವನ್ನೇ ಬ್ಲಾಕ್ ತಿಂದುಬಿಡುತ್ತದೆ. ಅಲ್ಲಿಗೆ ಕಂಬಿಯೇ ಆಗಬೇಕು: ಒಂದೂವರೆ ಇಂಚಿನ ಜಿಐ ಪೈಪ್, ಸುಮಾರು 3 ಅಡಿ ಎತ್ತರಕ್ಕೆ, ಆದರೆ ಎರಡೂ ಕಡೆ. ಅಡಿಕೆ ದಬ್ಬೆ ಕಟ್ಟಿಬಿಡ್ತೇವೆ ಅನ್ನುವವರಿದ್ದಾರೆ, ಮಳೆಗೆ ನೆನೆದರೆ ಅದೂ ಜಾರುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ ಪಾಚಿ ಉಜ್ಜುವ ಕೆಲಸ ಆಪರೇಷನ್‌ಗೆ ಹೋಗುವ ಮುಂಚೆಯೇ ಮುಗಿದಿರಲಿ.

ಇನ್ನೊಂದು ಕಾಲಿನ ಪರೀಕ್ಷೆಯೂ ಆಗಲೇ. 18 ಇಂಚು ಎತ್ತರದ ಕುರ್ಚಿಯಿಂದ ಕೈ ಕಟ್ಟಿಕೊಂಡು ಐದು ಸಲ ಎದ್ದು ಕೂರಲು ಆಗದಿದ್ದರೆ, ಡೇಟ್ ಬರುವವರೆಗೆ ಆ ‘ಒಳ್ಳೆ’ ಕಾಲಿಗೂ ದಿನಾ ವ್ಯಾಯಾಮ. ಆಪರೇಷನ್ ಆಗುವ ಕಾಲಿಗೆ ಮಾತ್ರ ಚಾರ್ಟ್ ಕೊಟ್ಟು ಕಳಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಹೋಗಿಲ್ಲ.

ಮಳೆಗಾಲದ ಡೇಟ್ ಸಿಕ್ಕವರಿಗೆ ಜಿಗಣೆ ಕಾಟ ಬೇರೆ. ಕಚ್ಚಿದಲ್ಲಿ ಕೆರೆದು ಹುಣ್ಣಾಗಿದ್ದರೆ, ಗಮ್‌ಬೂಟಿನೊಳಗೆ ಬೆರಳ ಸಂದು ಬೆಂದಿದ್ದರೆ ಸರ್ಜನ್ ಡೇಟ್ ಮುಂದೂಡುತ್ತಾರೆ, ಬಯ್ದು ಪ್ರಯೋಜನವಿಲ್ಲ. ಅಲ್ಲಿನ ಕೀಟಾಣು ಇಂಪ್ಲಾಂಟಿಗೆ ಹತ್ತಿದರೆ ಬರೀ ಮಾತ್ರೆಗೆ ಬಗ್ಗುವುದಿಲ್ಲ, ಮಂಡಿಯನ್ನು ಮತ್ತೆ ಬಿಚ್ಚಬೇಕಾಗಬಹುದು. ಕೊನೆಯ ಎರಡು ವಾರ ತೋಟಕ್ಕೆ ಇಳಿಯಬೇಡಿ. ಮನೆಯಲ್ಲಿ ಕಾಲಿನ ಕೂದಲು ಬ್ಲೇಡಿನಿಂದ ತೆಗೆಯಲೂ ಬೇಡಿ. ಹುಳುಕು ಹಲ್ಲು, ಉರಿಮೂತ್ರ, ಏರಿದ ಶುಗರ್ ಎಲ್ಲ ಮೊದಲೇ ತೋರಿಸಿ ಮುಗಿಸಿ.

ಮನೆಗೆ ಬಂದ ಮೇಲೆ ಅತಿ ಹೆಚ್ಚು ಹಾಳು ಮಾಡುವುದು ಪ್ರೀತಿಯಿಂದ ಇಡುವ ತಲೆದಿಂಬು. ಮಂಡಿ ಕೆಳಗೆ ದಿಂಬಿಟ್ಟರೆ ಹಾಯೆನಿಸುತ್ತದೆ, ನಿಜ. ಆದರೆ ರಾತ್ರಿಯಿಡೀ ಬಗ್ಗಿಯೇ ಇದ್ದ ಮಂಡಿ ಕ್ರಮೇಣ ಹಾಗೇ ಬಿಗಿದುಕೊಳ್ಳುತ್ತದೆ, ಪೂರ್ತಿ ನೆಟ್ಟಗಾಗದೆ ಕುಂಟು ಉಳಿಯುತ್ತದೆ. ಸುತ್ತಿದ ಟವೆಲ್ ಹಿಮ್ಮಡಿಯ ಕೆಳಗೆ, ದಿನಕ್ಕೆ ಮೂರು ನಾಲ್ಕು ಸಲ, ಹತ್ತು ಹತ್ತು ನಿಮಿಷ. ಎರಡು ವಾರಕ್ಕೆ 90 ಡಿಗ್ರಿ ಬಂತಾ ಅಂತ ಎಲ್ಲರೂ ಕೇಳುತ್ತಾರೆ, ನೆಟ್ಟಗಾಗುತ್ತದಾ ಅಂತ ಒಬ್ಬರೂ ಕೇಳುವುದಿಲ್ಲ. ವ್ಯಾಯಾಮಕ್ಕೆ ಅರ್ಧ ಗಂಟೆ ಮುಂಚೆ ನೋವಿನ ಮಾತ್ರೆ, ಮುಗಿದ ಮೇಲೆ 15 ನಿಮಿಷ ಐಸ್. ಜೂನ್‌ನಲ್ಲಿ ಕರೆಂಟು ಹೋದರೆ ಎರಡು ದಿನ ಬರುವುದಿಲ್ಲ, ಫ್ರಿಜ್ಜಿನಲ್ಲಿ ಐಸೂ ಇರುವುದಿಲ್ಲ. ಬಾವಿ ನೀರನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ, ಬಟ್ಟೆ ಸುತ್ತಿ ಇಟ್ಟರೂ ತಕ್ಕಮಟ್ಟಿಗೆ ಆಗುತ್ತದೆ, ಹೊಲಿಗೆ ಮಾತ್ರ ಒದ್ದೆಯಾಗಬಾರದು. ಚಳಿ ಅಂತ ಒಲೆ ಮುಂದೆ ಕೂತು ಮಂಡಿಗೆ ಶಾಖ ಕೊಡುವುದು ಬೇಡ, ಬಾವು ಏರುತ್ತದೆ.

ಗಾಯದ ಹೊರಬದಿ ಜೋಮು ಹಿಡಿದಂತಿರುವುದು, ನಡೆಯುವಾಗ ಟಕ್ ಅನ್ನುವುದು ಇವಕ್ಕೆಲ್ಲ ಗಾಬರಿ ಬೇಡ. ಮೀನಖಂಡ ಬಿಗಿದು ನೋಯುತ್ತಿದ್ದರೆ, ಕಾಲೆತ್ತಿ ಮಲಗಿದರೂ ಊತ ಇಳಿಯದಿದ್ದರೆ ಅವತ್ತೇ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ನನಗೆ ಫೋನ್ ಮಾಡುತ್ತಾ ಕೂರಬೇಡಿ, ಹತ್ತಿರದ ಎಮರ್ಜೆನ್ಸಿಗೆ ಹೊರಡಿ. ಬರೆ ಕುಸಿದು ರಸ್ತೆ ಬಂದ್ ಆಗುವ ಕಡೆಯವರು ಮೊದಲ ಎರಡು ವಾರ ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ನೆಂಟರ ಮನೆಯಲ್ಲಿ ಉಳಿದರೆ ವಾಸಿ.

ಫಾರ್ಮಿಗೆ ಒಂದು ಕಾಲಂ ಸೇರಿಸಿ ಅಂತ ಮ್ಯಾನೇಜ್‌ಮೆಂಟಿಗೆ ಮೇಲ್ ಹಾಕಿದೆ. ಸಾಫ್ಟ್‌ವೇರ್ ವೆಂಡರ್ ಹತ್ತಿರ ಮಾತಾಡಬೇಕು ಅಂದರು. ಸದ್ಯಕ್ಕೆ ‘ರಿಮಾರ್ಕ್ಸ್’ ಜಾಗದಲ್ಲಿ ಗೇಣಿನ ಲೆಕ್ಕ ಬರೆಯುತ್ತಿದ್ದೇನೆ, ಅದು ಪ್ರಿಂಟ್‌ನಲ್ಲಿ ಅರ್ಧಕ್ಕೆ ಕಟ್ ಆಗುತ್ತದೆ.

ಅಮ್ಮನ ಎಡ ಮಂಡಿ ಮುಂದಿನ ಕೊಯ್ಲು ಕಳೆದ ಮೇಲಂತೆ. ಕಂಬಿಯ ಮಾತೆತ್ತಿದರೆ, "ಮದುಮಗಳು ಹತ್ತಿ ಬರೋ ಮೆಟ್ಟಿಲಿಗೆ ಪೈಪ್ ಹಾಕೋದಾ?" ಅನ್ನುತ್ತಾರೆ. ಮಗ ತಂದ ಪೈಪು ಕಣದ ಮೂಲೆಯಲ್ಲಿದೆ. ಮೊನ್ನೆ ಹೋದಾಗ ಅದರ ಮೇಲೆ ತೊಳೆದ ಗೋಣಿಚೀಲ ಒಣಹಾಕಿದ್ದರು.