"ಏನ್ ಮಾಡಿದ್ರಿ ಸಿಸ್ಟರ್ ಅವನಿಗೆ?"

ಬೆಂಗಳೂರಿನ ಒಂದು ಮಾನಸಿಕ ಆಸ್ಪತ್ರೆಯಲ್ಲಿ, ಕಾಯಿಲೆ ಜೋರಾಗಿರೋರನ್ನು ಇಡೋ ಅಕ್ಯೂಟ್ ವಾರ್ಡಿನಲ್ಲಿ ನಾನು ಸ್ಟಾಫ್ ನರ್ಸ್. ಹನ್ನೊಂದು ವರ್ಷದ ಸರ್ವೀಸಿನಲ್ಲಿ ಉಗುಳಿಸಿಕೊಂಡಿದ್ದೇನೆ, ಪರಚಿಸಿಕೊಂಡಿದ್ದೇನೆ, ಬಿಸಿ ಸಾರಿನ ತಟ್ಟೆಯೂ ಮೈಮೇಲೆ ಬಿದ್ದಿದೆ. ಮನೆಗೆ ಹೋಗಿ ತಲೆಗೆ ನೀರು ಹುಯ್ದುಕೊಂಡರೆ ಮುಗೀತು ಅನ್ನೋ ಜಾತಿ ನಾನು. ಹಾಗಂತ ಅಂದುಕೊಂಡಿದ್ದೆ.

ನೈಟ್ ಡ್ಯೂಟಿ, ಬೆಳಗಿನ ಜಾವ ಐದೂವರೆ. ಇಪ್ಪತ್ತೆರಡರ ಹುಡುಗ, ಮೇನಿಯಾ, ಅಂದರೆ ಮನಸ್ಸಿನ ಉದ್ರೇಕ ಮಿತಿ ಮೀರೋ ಕಾಯಿಲೆ, ಅಡ್ಮಿಟ್ ಆಗಿ ಎರಡನೇ ರಾತ್ರಿ. ಅಮ್ಮನಿಗೆ ಫೋನ್ ಮಾಡ್ಬೇಕು ಅಂತ ಬಂದ. "ಡಾಕ್ಟರ್ ಬರ್ಲಿ" ಅಂದೆ. ಹೋದ, ಮತ್ತೆ ಬಂದ. ಅದೇ ಉತ್ತರ. ಮೂರನೇ ಸಲ ಬಂದಾಗ ನಾನು ಚಾರ್ಟಿನಿಂದ ತಲೆ ಎತ್ತಲೇ ಇಲ್ಲ. ನನ್ನ ಕೊರಳಲ್ಲಿದ್ದ ಐಡಿ ಕಾರ್ಡಿನ ದಾರ ಹಿಡಿದು ಕೌಂಟರ್ ಮೇಲಕ್ಕೆ ಎಳೆದ. ಎಡ ಕೆನ್ನೆಗೆ ಎರಡು ಏಟು. ಉಸಿರು ಕಟ್ಟಿದ್ದಷ್ಟೇ ನೆನಪು. ದಾರ ಹೇಗೆ ಬಿಡಿಸಿದರು ಅನ್ನೋದು ಇವತ್ತಿಗೂ ನೆನಪಿಗೆ ಬರೋದಿಲ್ಲ.

ನನ್ನ ತಪ್ಪನ್ನೂ ಬರೀಬೇಕು. ನಮ್ಮಲ್ಲಿ ಬ್ರೋಸೆಟ್ ಅನ್ನೋ ಚೆಕ್‌ಲಿಸ್ಟ್ ಇದೆ: ಗೊಂದಲ, ಸಿಡುಕು, ಗದ್ದಲ, ಬಾಯಿಮಾತಿನ ಬೆದರಿಕೆ, ಮೈಮೇಲೆ ಬರೋ ಬೆದರಿಕೆ, ವಸ್ತುಗಳ ಮೇಲೆ ಸಿಟ್ಟು. ಆರು ಲಕ್ಷಣ, ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಮುಂದಿನ 24 ಗಂಟೆಯಲ್ಲಿ ಯಾರು ಕೈ ಎತ್ತಬಹುದು ಅಂತ ಅಂದಾಜು ಮಾಡೋಕೆ. ಅವನು ಎರಡು ಸಲ ಬಾಗಿಲು ಒದ್ದಿದ್ದ, ಮಾತು ಏರಿತ್ತು. ನಾನು ಹಿಂದಿನ ಶಿಫ್ಟಿನ ಸೊನ್ನೆಯನ್ನೇ ಕಾಪಿ ಹೊಡೆದಿದ್ದೆ.

ಆದರೆ ಹ್ಯಾಂಡೋವರ್ ಹೊತ್ತಿಗೆ, ಮುಂದಿನ ಶಿಫ್ಟಿಗೆ ಬಂದ ನರ್ಸುಗಳಿಗೆ ಈ ಸೊನ್ನೆ ಗೊತ್ತಿರಲಿಲ್ಲ. ಬ್ಯಾಗು ಕೆಳಗಿಡೋ ಮೊದಲೇ ಒಬ್ಬರು ಕೇಳಿದ್ದು, "ಏನ್ ಮಾಡಿದ್ರಿ ಸಿಸ್ಟರ್ ಅವನಿಗೆ?" ಕೆಟ್ಟ ಮನಸ್ಸಿನಿಂದಲ್ಲ. ನಾನೂ ಬೇರೆಯವರನ್ನು ಹೀಗೇ ಕೇಳಿದ್ದೇನೆ. ಅಂಥದ್ದು ನಮಗಾಗೋದಿಲ್ಲ ಅಂತ ಧೈರ್ಯ ತಂದುಕೊಳ್ಳೋಕೆ ಕೇಳೋ ಪ್ರಶ್ನೆ ಅದು.

ನನಗೆ ಹೊಡೆದ ಮೇಲೆ ಅವನನ್ನು ಸ್ವಲ್ಪ ಹೊತ್ತು ಕಟ್ಟಿಹಾಕಿದ್ದರು. ಅದಕ್ಕೆ ಫೈಲಿನಲ್ಲಿ ಎಲ್ಲ ಬರೆದಾಯ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಬೇರೆ ದಾರಿಯೇ ಇಲ್ಲದಾಗ ಮಾತ್ರ ಕಟ್ಟಬಹುದು, ಸೈಕಿಯಾಟ್ರಿಸ್ಟ್ ಒಪ್ಪಿಗೆ ಬೇಕು, ಅವನ ಕಡೆಯ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಸಿಬ್ಬಂದಿ ಕಡಿಮೆ ಅನ್ನೋ ನೆಪವನ್ನೂ ಕಾಯ್ದೆ ಒಪ್ಪೋದಿಲ್ಲ. ಸರಿಯಾದದ್ದೇ. ನನ್ನ ಬಗ್ಗೆ ಒಂದು ಸಾಲಿತ್ತು: ಸ್ಟಾಫ್‌ಗೆ ಸಣ್ಣ ಪೆಟ್ಟು. ಆಸ್ಪತ್ರೆ ಸಿಬ್ಬಂದಿ ಮೇಲಿನ ಹಲ್ಲೆ ತಡೆಯೋಕೆ ಕರ್ನಾಟಕದಲ್ಲಿ 2009ರಿಂದಲೇ ಕಾನೂನಿದೆ. ಆದರೆ ಮೈಮೇಲೆ ಎಚ್ಚರವಿಲ್ಲದ ಹುಡುಗನ ಮೇಲೆ ಕೇಸು ಹಾಕೋ ಮನಸ್ಸು ಯಾವ ನರ್ಸಿಗಿದೆ? ನನಗಂತೂ ಇರಲಿಲ್ಲ.

ಹೊರಗೆ ಹೇಳಿಕೊಳ್ಳೋದೂ ಕಷ್ಟ. ಕಾಯಿಲೆಯವರಲ್ಲಿ ಬಹುಪಾಲು ಜನ ಯಾರಿಗೂ ಕೈ ಎತ್ತಿದವರಲ್ಲ. ನಾನು ಬಾಯಿಬಿಟ್ಟರೆ "ಹುಚ್ಚರು ಹೊಡೀತಾರೆ" ಅನ್ನೋ ಮಾತಿಗೆ ಇನ್ನೊಂದು ಸಾಕ್ಷಿ ಕೊಟ್ಟಂಗಾಗುತ್ತೆ. ಅಮ್ಮನಿಗೆ ಬಾಗಿಲು ತಗುಲಿತು ಅಂದೆ.

ಆಮೇಲೆ ಶುರುವಾಯ್ತು. ಕುಕ್ಕರ್ ಕೂಗಿದರೆ ಬೆಚ್ಚಿಬೀಳೋದು. ಬಿಎಂಟಿಸಿ ಬಸ್ಸಿನಲ್ಲಿ ಹೆಂಗಸರ ಸೀಟು ಮುಂದಿರುತ್ತಲ್ಲ, ಕೂತರೆ ಹಿಂದೆ ಬಸ್ಸಿಗೆ ಬಸ್ಸೇ ಜನ. ಸೀಟು ಖಾಲಿಯಿದ್ದರೂ ಡ್ರೈವರ್ ಹಿಂದಿನ ಕಂಬಿಗೆ ಬೆನ್ನು ಕೊಟ್ಟು ವಿಜಯನಗರದವರೆಗೆ ನಿಂತೇ ಹೋಗ್ತಿದ್ದೆ. ಇದೆಲ್ಲ ಹೇಗೋ ತಡ್ಕೋಬಹುದಿತ್ತು. ತಡ್ಕೊಳ್ಳೋಕೆ ಆಗದ್ದು ವಾರ್ಡಿನಲ್ಲಿ ನಾನು ಆಗಿದ್ದ ರೀತಿ. ಮಾತ್ರೆ ಕೊಡುವಾಗ ಕೈ ಮಾತ್ರ ಮುಂದೆ, ಕಾಲು ಬಾಗಿಲ ಕಡೆ. ಮೊದಲು ಹತ್ತು ನಿಮಿಷ ಕೂರಿಸಿ ಮಾತಾಡಿಸ್ತಿದ್ದ ಪೇಷೆಂಟ್‌ಗೆ ಈಗ ಎರಡನೇ ನಿಮಿಷಕ್ಕೆ ಡಾಕ್ಟರಿಗೆ ಫೋನ್, ಶಾಂತ ಮಾಡೋ ಇಂಜೆಕ್ಷನ್‌ಗೆ, "ಹ್ಯಾಲೋಪೆರಿಡಾಲ್, ಫೆನರ್ಗನ್ ಕೊಡ್ಲಾ ಸರ್?" ವಯಸ್ಸಾದವರೊಬ್ಬರು ಕನ್ನಡಕ ಕೇಳೋಕೆ ಕೈ ಚಾಚಿದ್ದಕ್ಕೆ ಕಿರುಚಿದ್ದೆ. ಅವರೇ "ಹೆದರ್ಬೇಡಮ್ಮಾ" ಅಂದರು.

ಡಿಸ್ಚಾರ್ಜ್ ಆಗೋ ಪ್ರತಿಯೊಬ್ಬರಿಗೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರು 14416 ಚೀಟಿಯಲ್ಲಿ ಬರೆದು ಕೊಡೋಳು ನಾನು. ನಾನೇ ಅದಕ್ಕೆ ಫೋನ್ ಮಾಡೋಕೆ ಐದು ವಾರ ಹಿಡೀತು.

ಹುಡುಗ ಹುಷಾರಾಗಿ ಹೋಗುವ ದಿನ ಬಂದು, "ಸಿಸ್ಟರ್, ನಾನು ನಿಮಗೆ ಹೊಡೆದ್ನಂತೆ?" ಅಂದ. "ಅದೇನಿಲ್ಲ ಬಿಡಪ್ಪ" ಅನ್ನೋದು ನಮ್ಮ ಅಭ್ಯಾಸ. ಅವತ್ತು "ಹೌದು, ಹೊಡೆದೆ" ಅಂದೆ. ಅವನ ಕಣ್ಣು ತುಂಬಿತು. ಮೂರನೇ ಸಲ ನಾನು ತಲೆ ಎತ್ತಲಿಲ್ಲ ಅನ್ನೋದನ್ನೂ ಹೇಳಿದೆ. ಇಬ್ಬರೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ವಿ, ಅವನಮ್ಮ ಬಿಲ್ಲಿಂಗ್ ಕೌಂಟರಿನಿಂದ ಕೂಗುವವರೆಗೆ.

ಈಗ ಸೊನ್ನೆ ಕಾಪಿ ಹೊಡೆಯೋದಿಲ್ಲ, ಎಳೆದರೆ ಬಿಚ್ಚಿಕೊಳ್ಳೋ ಐಡಿ ದಾರ ಬಂದಿದೆ. ಕಳೆದ ತಿಂಗಳು ಹೊಸ ಹುಡುಗಿಗೆ ಒಬ್ಬರು ಮುಂಗೈ ಕಚ್ಚಿದರು. ಗಾಯ ತೊಳೆದು, ಟಿಟಿ ಹಾಕಿಸಿ, ಪ್ಯಾಂಟ್ರಿಯಲ್ಲಿ ಕೂರಿಸಿ ಟೀ ಕೊಟ್ಟೆ. ನಾಲಿಗೆ ತುದಿಗೆ ಅದೇ ಪ್ರಶ್ನೆ ಬಂದಿತ್ತು, ನುಂಗಿಕೊಂಡೆ. ಟೀ ಆರಿ ಕೆನೆ ಕಟ್ಟಿದ ಮೇಲೆ ಅವಳು, "ಅಕ್ಕಾ, ನಾಳೆ ಆ ವಾರ್ಡ್ ಬೇಡ" ಅಂದಳು. ರೋಸ್ಟರ್ ತೆಗೆದು ಅವಳ ಹೆಸರು ಹೊಡೆದುಹಾಕಿ ಪಕ್ಕದಲ್ಲಿ ನನ್ನದು ಬರೆದೆ.